ಎತ್ತಿ ಹೊಯ್ದ ನೀರು

ಆಳೆತ್ತರದ ಹೂವಿನ ಹಾರಕ್ಕೆ ಈಗ ಎಷ್ಟು ಹೇಳಿ? ಸಾವಿರಕ್ಕೆ ಕಡಿಮೆ ಇಲ್ಲ. ಬ್ಯಾನರ್ ಬೇರೆ, ಶಾಮಿಯಾನ ಬೇರೆ, ಮೈಕು ಬೇರೆ, ಬೂಂದಿ ಲಾಡು ಬೇರೆ. ಒಂದು ಸ್ಟೀಲ್ ಲೋಟಕ್ಕೆ? ಸಂತೆಯಲ್ಲಿ ಮೂವತ್ತು ರೂಪಾಯಿ. ಅದರೊಳಗಿನ ನೀರಿಗೆ? ಏನೂ ಇಲ್ಲ. ಈ ಲೆಕ್ಕ ನೆನಪಿಟ್ಟುಕೊಂಡು ಕೇಳಿ, ತಾಯಂದಿರೇ.

ಒಂದು ಊರು. ಅಲ್ಲೊಬ್ಬ ಸಾಹುಕಾರ. ಅವನ ಹೆಸರು ಬೇಡ. ಹೆಸರು ಹೇಳಿದರೆ ‘ಅವನ ಕಥೆ, ನಮಗೇನು’ ಎಂದು ನೀವು ಹಾಯಾಗಿ ಕಂಬಕ್ಕೆ ಒರಗಿಬಿಡುತ್ತೀರಿ. ಕೆಟ್ಟ ಮನುಷ್ಯನೇನಲ್ಲ, ನೋಡಿ. ಯಾರಿಗೂ ಗದರಿದವನಲ್ಲ. ಪ್ರತಿ ವರ್ಷ ಅಂಬೇಡ್ಕರ್ ಜಯಂತಿಗೆ ಶಾಲೆಯ ಖರ್ಚೆಲ್ಲ ಅವನದೇ. ಹಾರ ಹಾಕಿ, ಕೈಮುಗಿದು, ‘ನಾವೆಲ್ಲ ಒಂದೇ ತಾಯಿಯ ಮಕ್ಕಳು’ ಎಂದು ಭಾಷಣ ಮಾಡುತ್ತಿದ್ದ.

ಆ ವರ್ಷ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ಮಕ್ಕಳಿಂದ ಒಂದು ನಾಟಕ ಆಡಿಸಬೇಕು ಎಂದುಕೊಂಡರು. ಬಾಬಾಸಾಹೇಬರು ಹುಡುಗರಾಗಿದ್ದಾಗ ಶಾಲೆಯಲ್ಲಿ ನೀರಿನ ಗಡಿಗೆ ಮುಟ್ಟುವ ಹಾಗಿರಲಿಲ್ಲ, ಜವಾನ ಬಂದು ಮೇಲಿಂದ ಹೊಯ್ದರೆ ಮಾತ್ರ ನೀರು. ಮೊದಲನೇ ದೃಶ್ಯ ಅದು. ಎರಡನೇ ದೃಶ್ಯದಲ್ಲಿ ಅದೇ ಹುಡುಗ ದೊಡ್ಡವನಾಗಿ, ಕೋಟು ತೊಟ್ಟು, ಕೈಯಲ್ಲಿ ಪುಸ್ತಕ ಹಿಡಿದು ಬರಬೇಕು.

ಆ ಹುಡುಗನ ಪಾತ್ರ ಕೊಟ್ಟಿದ್ದು ಹುಲಿಗೆಮ್ಮ ಎಂಬ ಹುಡುಗಿಗೆ. ಇವಳ ಹೆಸರನ್ನು ಮಾತ್ರ ಹೇಳುತ್ತೇನೆ. ಆ ಊರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಅವಳ ಅವ್ವ ಅದೇ ಸಾಹುಕಾರನ ಮನೆಯಲ್ಲಿ ಸಗಣಿ ಬಾಚುವ ಹೆಣ್ಣುಮಗಳು. ನೀರು ಹೊಯ್ಯುವ ಜವಾನನ ಪಾತ್ರ ಸಾಹುಕಾರನ ಮೊಮ್ಮಗಳಿಗೆ.

ಅಕ್ಕೋರು ತಮ್ಮ ಯಜಮಾನರ ಹಳೆಯ ನೀಲಿ ಕೋಟನ್ನು ಕತ್ತರಿಸಿ ಹುಡುಗಿಯ ಅಳತೆಗೆ ಹೊಲಿಸಿದ್ದರು. ಹುಲಿಗೆಮ್ಮನಿಗೆ ಅದರದೇ ಧ್ಯಾನ.

“ಅಕ್ಕೋರ, ಕೋಟು ಯಾವಾಗ್ರಿ?”

“ಎರಡನೇ ದೃಶ್ಯದಾಗವ್ವ. ಮೊದ್ಲ ನೀರು ಬೇಡ್ಬೇಕು, ಆಮ್ಯಾಲ ಕೋಟು.”

“ನೀರು ಬೇಡೂದು ಲಗೂ ಮುಗಿಸಿಬಿಡ್ತೀನ್ರಿ,” ಎಂದಳು. ಎಲ್ಲರೂ ನಕ್ಕರು.

ಜಯಂತಿ ದಿನ ಬಂತು. ಊರೆಲ್ಲ ಶಾಲೆಯ ಮುಂದೆ ಸೇರಿತು. ಸಾಹುಕಾರ ಮುಂದಿನ ಕುರ್ಚಿಯಲ್ಲಿ. ಹುಲಿಗೆಮ್ಮನ ಅವ್ವ ಹಿಂದೆ, ಕಾಂಪೌಂಡಿನ ಹತ್ತಿರ. ದೃಶ್ಯ ಶುರುವಾಯಿತು. ಮೊಮ್ಮಗಳು ಬಂದವಳೇ ಲಂಗವನ್ನು ಹನಿ ಸಿಡಿಯದಂತೆ ಒಂದು ಕಡೆಗೆ ಒತ್ತಿ ಹಿಡಿದಳು. ಮುಖ ಸ್ವಲ್ಪ ಆಚೆ ತಿರುಗಿಸಿದಳು. ತಂಬಿಗೆಯನ್ನು ಭುಜದ ತನಕ ಎತ್ತಿ, ಸಣ್ಣ ಧಾರೆಯಾಗಿ ಹೊಯ್ದಳು. ಕೆಳಗೆ ಹುಲಿಗೆಮ್ಮ ತುದಿಗಾಲಲ್ಲಿ ಕೂತು, ಬಾಯಿಗೆ ಬೊಗಸೆ ಹಿಡಿದು, ಒಂದು ತೊಟ್ಟೂ ನೆಲಕ್ಕೆ ಬೀಳದಂತೆ ಕುಡಿದಳು.

ಚಪ್ಪಾಳೆಯೋ ಚಪ್ಪಾಳೆ! ಅಕ್ಕೋರಿಗೇ ಆಶ್ಚರ್ಯ. ಮಾತು ಕಲಿಸಿದ್ದರು, ನಡಿಗೆ ಕಲಿಸಿದ್ದರು. ತಾಲೀಮಿನಲ್ಲಿ ಖಾಲಿ ತಂಬಿಗೆ ಬಗ್ಗಿಸಿದ್ದಷ್ಟೆ, ಇದನ್ನು ಕಲಿಸಿರಲಿಲ್ಲ. ಖುಷಿಯಿಂದ ಮೈಕು ಹಿಡಿದು ಬಂದರು. “ಎಷ್ಟ್ ಚಂದ ಮಾಡಿದ್ಯವ್ವ! ಹಿಂಗ ಹೊಯ್ಯೂದು ಯಾರು ಕಲಿಸಿದ್ರು?”

ಮಗುವಿಗೆ ಹೆಮ್ಮೆ. ಮೈಕಿನಲ್ಲೇ ಹೇಳಿತು: “ಯಾರೂ ಕಲಿಸಿಲ್ರಿ. ನಮ್ಮಜ್ಜಿ ದಿನಾ ಹಿಂಗ ಹಾಕ್ತಾಳ್ರಿ, ಈಕಿ ಅವ್ವಗ.”

ಚಪ್ಪಾಳೆ ನಿಂತಿತು. ಹಿಂದಿನಿಂದ ಯಾರೋ ಮುದುಕ ಕೂಗಿದ: “ಸಾವ್ಕಾರ್ರ, ಮೈಕು ಭಾರಿ ತಂದೀರಿ ಬಿಡ್ರಿ! ಸ್ವಚ್ಛ ಕೇಳಸ್ತೈತಿ!”

ಸಾಹುಕಾರ ಎದ್ದುನಿಂತ. “ಸಾಕು, ಲಾಡು ಹಂಚ್ರಿ,” ಎಂದ. ನಾಟಕ ಅಲ್ಲಿಗೇ ನಿಂತಿತು. ಹುಲಿಗೆಮ್ಮ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, “ಅಕ್ಕೋರ, ಕೋಟು?” ಎಂದಳು. ಅಕ್ಕೋರು ಕೋಟನ್ನು ಮಡಚಿ ಪೆಟ್ಟಿಗೆಗೆ ಹಾಕಿದರು.

ಮನೆಯಲ್ಲಿ ಮೊಮ್ಮಗಳ ಕೆನ್ನೆಗೆ ಏಟು ಬಿತ್ತು. ಅದು ಅಳುತ್ತಾ ಕೇಳಿತು: “ನಾ ಖರೇನ ಹೇಳೀನಲ್ಲಜ್ಜಾ?”

“ಖರೇನ. ಅದಕ್ಕ ಹೇಳಬಾರದು.”

ಕೇಳಿದಿರಾ? ಇದು ಪಾಠ!

ಮರುದಿನ ಹುಲಿಗೆಮ್ಮನ ಅವ್ವ ಕೆಲಸಕ್ಕೆ ಹೋದರೆ ಸಾಹುಕಾರನ ಹೆಂಡತಿ ಬಾಗಿಲಲ್ಲೇ ತಡೆದಳು. “ಇನ್ಮ್ಯಾಲ ಬರಬ್ಯಾಡ. ಮಂದ್ಯಾಗ ನಮ್ಮ ಮಾನ ಕಳದ್ರಿ.”

“ನಾವೇನಂದ್ವಿ ಎವ್ವಾ? ಮಾತಾಡಿದ್ದು ನಿಮ್ಮ ಕೂಸು.”

“ನಿನ್ನ ಮಗಳು ಅಷ್ಟು ಚಂದ ಯಾಕ ಕುಡೀಬೇಕಿತ್ತು?”

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಆಕೆ ಬಂದ ದಾರಿಯಲ್ಲೇ ತಿರುಗಿದಳು. ಸಾಹುಕಾರ ಬಿಡಿಸಿದ ಆಳನ್ನು ಊರಿನಲ್ಲಿ ಇನ್ನಾರು ಕರೆಯುತ್ತಾರೆ? ತಾಯಿ ಮಗಳಿಬ್ಬರೂ ಬೇರೆ ಊರಿನ ಹತ್ತಿ ಹೊಲದ ಕೂಲಿಗೆ ಹೋದರು. ಮುಂಗಾರಿಗೆ ಶಾಲೆ ತೆರೆಯಿತು. ಹಾಜರಿ ಕೂಗುವಾಗ ಅಕ್ಕೋರು ‘ಹುಲಿಗೆಮ್ಮ’ ಎಂದರು. ಇನ್ನೊಮ್ಮೆ ಕೂಗಿ ಮುಂದಿನ ಹೆಸರಿಗೆ ಹೋದರು.

ಈಗ ನಿಮಗೆ ಸಿಟ್ಟು ಬಂದಿದೆ. ಯಾರ ಮೇಲೆ? ಸಾಹುಕಾರನ ಮೇಲೆ. ಬಹಳ ಸುಲಭದ ಸಿಟ್ಟು ಅದು, ಮನೆ ಮುಟ್ಟುವುದರೊಳಗೆ ಇಳಿದುಹೋಗುತ್ತದೆ. ನಾನು ಕೇಳುವುದು ಬೇರೆ. ನಿಮ್ಮ ಮನೆಯ ಮಗುವನ್ನು ಆ ವೇದಿಕೆಗೆ ಹತ್ತಿಸಿ, ಕೈಗೆ ತಂಬಿಗೆ ಕೊಟ್ಟರೆ, ಅದಕ್ಕೆ ಕಲಿಸಬೇಕಾಗುತ್ತದೆಯೇ? ಅಥವಾ ಅದಕ್ಕೂ ಆಗಲೇ ಬರುತ್ತದೆಯೇ? ಎದೆ ಮುಟ್ಟಿಕೊಂಡು ಹೇಳಿ. ಸಮಾನತೆಯನ್ನು ಮಾಸ್ತರರು ವರ್ಷಕ್ಕೊಂದು ದಿನ ಬಾಯಲ್ಲಿ ಕಲಿಸುತ್ತಾರೆ. ನೀವು ದಿನಾ ಕೈಯಲ್ಲಿ ಕಲಿಸುತ್ತೀರಿ. ಮಗು ಯಾವುದನ್ನು ಕಲಿಯುತ್ತದೆ? ಕೈಯನ್ನು, ತಾಯಂದಿರೇ, ಕೈಯನ್ನು.

ನಿಮ್ಮ ಕೊಟ್ಟಿಗೆಯ ಗೂಡಿನಲ್ಲಿ, ಕೆಲಸದವರಿಗೆಂದೇ ಬೇರೆ ಇಟ್ಟ ಒಂದು ಲೋಟ ಬೋರಲು ಬಿದ್ದಿದೆಯಲ್ಲ? ತಲೆ ತಗ್ಗಿಸಬೇಡಿ, ಇದೆ. ಇವತ್ತು ಹೋಗಿ ಅದನ್ನು ಒಳಗೆ ತನ್ನಿ. ತೊಳೆದು ಅಡುಗೆಮನೆಯ ಲೋಟಗಳ ಜೊತೆ ಇಡಿ. ಯಾವುದು ಅದು ಎಂದು ನಿಮಗೇ ಗುರುತು ಸಿಗಬಾರದು. ನಾಳೆ ಕೆಲಸಕ್ಕೆ ಬಂದವರನ್ನು ಹೆಸರು ಹಿಡಿದು ಕರೆಯಿರಿ, ಒಳಗೆ ಕೂರಿಸಿ, ನೀರಿನ ಲೋಟವನ್ನು ಕೈಗೆ ಕೊಡಿ, ಬೊಗಸೆಗೆ ಹೊಯ್ಯಬೇಡಿ. ಅವರು ಕುಡಿದ ಲೋಟದಲ್ಲಿ ನೀವೂ ಕುಡಿಯಿರಿ. ಮಕ್ಕಳ ಎದುರಿಗೇ ಕುಡಿಯಿರಿ. ಮಗು ಹೊರಗೆ ಹೋಗಿ ನಿಮ್ಮ ಮನೆಯ ನಿಜ ಹೇಳಿದರೆ ಹೊಡೆಯಬೇಡಿ. ಹೇಳಿದರೆ ನಾಚಿಕೆಯಾಗದಂಥ ನಿಜವನ್ನು ಮನೆಯಲ್ಲಿ ಮಾಡಿ.

ಆ ಸಾವಿರದ ಹಾರ ಸಂಜೆಗೆ ಬಾಡಿತು. ಸಾಹುಕಾರನ ಮೊಮ್ಮಗಳು ಈಗ ಹೊರಗೆ ಮನೆಯ ಮಾತು ಆಡುವುದಿಲ್ಲ. ಕೋಟು ಅಕ್ಕೋರ ಪೆಟ್ಟಿಗೆಯಲ್ಲಿದೆ. ಹುಲಿಗೆಮ್ಮ ನಾಳೆಯೇ ಮರಳಿ ಬಂದರೂ ಅದು ಈಗ ಅವಳ ಮೈಗೆ ಸಾಲುವುದಿಲ್ಲ.