ಮಂಗಳವಾರ ಹತ್ತು ಗಂಟೆ

ಕೋರ್ಟಿನ ಆದೇಶದಂತೆ ಮನೆಯಿಂದ ಬೇರೆ ಇಟ್ಟ ಮಕ್ಕಳನ್ನು ಹೆತ್ತವರು ಬಂದು ನೋಡುವ ಕೋಣೆಯಲ್ಲಿ, ನಾನು ಸದ್ದಿಲ್ಲದೆ ಆಟಿಕೆಗಳನ್ನು ಒರೆಸುತ್ತಿದ್ದೆ. ಹೊರಗೆ ಲಿಫ್ಟಿಗೆ ಕಾಯುತ್ತ ಮೇಲ್ವಿಚಾರಕಿ ಕಡತ ತಿರುವುತ್ತಿದ್ದರು. ಪಕ್ಕದಲ್ಲಿ, ಮನೆಗಳಿಗೆ ಹೋಗಿ ವರದಿ ಬರೆಯುವ ಹುಡುಗಿ ನಿಂತಿದ್ದಳು.

“ತಾಯಿ ನಾಲ್ಕು ವಾರದಿಂದ ಕೌನ್ಸೆಲಿಂಗ್‌ಗೆ ಬಂದಿಲ್ಲ ಅಂತ ಬರ್ದಿದೀಯ.”

“ಬಂದೇ ಇಲ್ಲ ಅಕ್ಕ. ಅದಕ್ಕೇ ಮಗುನ ಇನ್ನೂ ಆರು ತಿಂಗಳು ನಮ್ಮ ಹತ್ರಾನೇ ಇಟ್ಕೊಳ್ಳೋಣ ಅಂದೆ.”

“ಕೌನ್ಸೆಲಿಂಗ್ ಯಾವಾಗ?”

“ಮಂಗಳವಾರ ಹತ್ತಕ್ಕೆ.”

“ಮಗು ನೋಡೋಕೆ ಅವಳಿಗೆ ಕೊಟ್ಟಿರೋ ಹೊತ್ತು?”

ಹುಡುಗಿ ಬಗ್ಗಿ ಕಡತ ನೋಡಿದಳು.

“ಅದೂ ಮಂಗಳವಾರ ಹತ್ತಕ್ಕೆ.”

“ಅದನ್ನ ಒಂದು ವಾರನಾದ್ರೂ ತಪ್ಪಿಸಿದ್ಲಾ?”

“ಇಲ್ಲ.”

“ಮತ್ತೆ? ಎರಡು ಹೋಳಾಗಿ ಬರ್ಬೇಕಿತ್ತಾ ಅವಳು?”

“ಹೊತ್ತು ತಿಳಿಸೋ ಎರಡು ಚೀಟಿನೂ ಬೇರೆ ಬೇರೆ ಮೇಜಿಂದ ಹೋಗುತ್ತೆ. ನಾನು ಸೇರಿಸಿ ನೋಡ್ಲಿಲ್ಲ.” ವರದಿಯ ಕೊನೆಗೆ ಬೆರಳಿಟ್ಟು ಅಂದಳು, “ಕೆಳಗಡೆ ನಿಮ್ಮ ಸಹಿನೂ ಇದೆ ಅಕ್ಕ.”

ಮೇಲ್ವಿಚಾರಕಿ ಕಡತ ಮುಚ್ಚಿದರು.

“ನಿನ್ನೆನೇ ಕೋರ್ಟಲ್ಲಿ ಆದೇಶ ಆಗೋಯ್ತು. ತಪ್ಪು ನಮ್ದು ಅಂತ ಇವತ್ತೇ ಬರ್ದು ಕೊಡ್ತೀನಿ. ಅವರು ಮತ್ತೆ ವಿಚಾರಣೆಗೆ ತಗೊಳ್ಳೋವರ್ಗೂ ಮಗು ಇಲ್ಲೇ.”

ಲಿಫ್ಟ್ ಬಂತು. ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚುವಾಗ ಹುಡುಗಿಯ ಮಾತು ಕೇಳಿಸಿತು.

“ಅವಳು ಕೆಳಗಡೆ ಕೂತಿದ್ದಾಳೆ. ಮಗು ಬಟ್ಟೆ ತುಂಬ್ಕೊಳ್ಳೋಕೆ ಚೀಲ ತಂದಿದ್ದಾಳೆ. ನೀವೇ ಅವಳಿಗೆ ಹೇಳಿ ಅಕ್ಕ.”