ಮೆತ್ತಗಿನ ದೋಸೆ

ಪಾಣೆಮಂಗಳೂರಿನ ಆ ಹಳೆಯ ಹೊಟೇಲಿನಲ್ಲಿ ಬೇರೆ ಜಾಗ ಸಿಗದೆ ಯಾರೋ ಅತ್ತೆ ಸೊಸೆಯ ಮೇಜಿನಲ್ಲೇ ಕೂತಿದ್ದೆ. ಅತ್ತೆ ಮಸಾಲೆ ದೋಸೆಯ ಅಂಚು ಮುರಿದು ಬಾಯಿಗಿಟ್ಟು, ಉಳಿದದ್ದನ್ನು ಬೆರಳಿನಿಂದ ಒತ್ತಿ ನೋಡಿದರು.

"ಏನಾಯಿತು ಅತ್ತೆ?"

"ಇದು ಕುರುಕುರು ಅಂತದೆ ಸುಪ್ರೀತಾ. ನಿನ್ನ ಮಾವ ತರುವುದು ಇಲ್ಲಿಂದಲೇ ಅಲ್ವಾ?"

"ಇಲ್ಲಿಂದಲೇ. ಪಾರ್ಸೆಲ್ ಮನೆಗೆ ಮುಟ್ಟುವಾಗ ಮೆತ್ತಗಾಗ್ತದೆ."

"ಮದುವೆಯಾದಲ್ಲಿಂದ ಮೆತ್ತಗಿನದ್ದೇ ತಿಂದೆ. ಮಸಾಲೆ ದೋಸೆ ಅಂದ್ರೆ ಹಾಗೆಯೇ ಅಂತ ತಿಳ್ಕೊಂಡಿದ್ದೆ."

"ನೀವು ಒಂದು ಸಲವೂ ಇಲ್ಲಿಗೆ ಬರಲಿಲ್ವಾ?"

"ಆಗ ಹೊಟೇಲಲ್ಲಿ ಕೂತು ತಿನ್ನುವುದು ಗಂಡಸರು ಮಾತ್ರ. ಈಗ ಗೊತ್ತಾಯಿತು ನೋಡು. ನಿನ್ನ ಮಾವ ಇಲ್ಲಿ ಬಿಸಿಯದ್ದೊಂದು ತಿಂದು, ಮತ್ತೆ ಮನೆಯಲ್ಲಿ ನನ್ನೊಟ್ಟಿಗೆ ಇನ್ನೊಂದು."

"ಮಾವ ಹಾಗೆ ಮಾಡುವವರಲ್ಲ."

"ನಿನಗೆ ಗೊತ್ತಿಲ್ಲ, ಸುಮ್ಮನಿರು."

ದುಡ್ಡು ಕೊಡಲು ಎದ್ದಾಗ ಅತ್ತೆ ಗಂಡನ ಬಗ್ಗೆ ಹೊಟೇಲಿನ ಧಣಿಯನ್ನೇ ಕೇಳಿದರು.

"ಸಿದ್ಧಕಟ್ಟೆಯ ಟೈಲರ್ ಗೊತ್ತುಂಟಲ್ಲ ನಿಮಗೆ? ಅವರು ಇಲ್ಲಿ ಕೂತು ಏನೆಲ್ಲ ತಿನ್ನುವುದು?"

"ಚಿನ್ನಯ್ಯಣ್ಣನಾ? ಅವರು ಕೂತದ್ದೇ ಇಲ್ಲಮ್ಮ. ನೂಲು ತೆಗೊಳ್ಳಲಿಕ್ಕೆ ಬಂದಾಗೆಲ್ಲ ಎರಡು ದೋಸೆ ಕಟ್ಟಿಸಿಕೊಂಡು ಬಸ್ಸಿಗೆ ಓಡುವುದು. ಬಿಸಿ ಉಂಟು, ತಿಂದು ಹೋಗಿ ಅಂದ್ರೆ, ಇಲ್ಲ, ಮನೆಯಲ್ಲಿ ಒಟ್ಟಿಗೆ ತಿನ್ಲಿಕ್ಕೆ ಅಂತಾರೆ."

ಅತ್ತೆ ಸೆರಗು ಸರಿಮಾಡಿಕೊಂಡರು. ಚಿಲ್ಲರೆ ತೆಗೆದುಕೊಳ್ಳಲೂ ಮರೆತು ಬಾಗಿಲ ಕಡೆ ಹೊರಟರು.

"ಮಾವನಿಗೆ ಒಂದು ಪಾರ್ಸೆಲ್ ಹೇಳ್ಲಾ ಅತ್ತೆ?"

"ಬೇಡ," ಅಂದರು ಅತ್ತೆ, ಮೆಟ್ಟಿಲಿಳಿಯುತ್ತ. "ನಾಳೆ ಕರ್ಕೊಂಡೇ ಬರುವ. ಪಾಪ, ಅವರೂ ಮೆತ್ತಗಿನದ್ದೇ ತಿಂದದ್ದು."