ಹೆದರ್ ಮನೆಯಲ್ಲಿರದ ದಿನ

ಡಾರ್ಲಿಂಗ್ ನದಿ ದಂಡೆಯ ಊರಿನ ಆಸ್ಪತ್ರೆಯಲ್ಲಿ ಕಾಯುತ್ತಿದ್ದ ಕೋರಲ್‌ಗೆ ಹಿಂದಿನ ಬೆಂಚಿನ ಮಾತು ಕೇಳಿಸಿತು. ಅವಳಂತೆಯೇ ಮೂಲನಿವಾಸಿಗಳಾದ ಇಬ್ಬರು ಹೆಂಗಸರು, ಹಿರಿಯಳೊಬ್ಬಳು, ಕಿರಿಯಳೊಬ್ಬಳು.

“ತಮ್ಮನಿಗೆ ಮನಸ್ಸು ಸರಿಯಿಲ್ಲ, ಆಂಬುಲೆನ್ಸ್ ಕಳಿಸಿ ಅಂದೆ ಆಂಟಿ. ಪೊಲೀಸ್ ವ್ಯಾನ್ ಬಂತು.”

“ಬೇಡಿ ಹಾಕಿದ್ರಾ?”

“ಹೂಂ. ಬರಿಗಾಲಲ್ಲೇ ಎಳಕೊಂಡು ಬಂದ್ರು. ಪಕ್ಕದ್ಮನೆ ಬಿಳಿ ಹೆಂಗಸು ಹೆದರ್ ಇದಾಳಲ್ಲ, ಹೋದ ವರ್ಷ ಅವಳ ಮಗ ಹೀಗೇ ಆಗಿ ಕಿಟಕಿನೇ ಒಡೆದಿದ್ದ, ಅವನಿಗೆ ಕಂಬಳಿ ಹೊದಿಸಿ ಆಂಬುಲೆನ್ಸಲ್ಲಿ ಕರಕೊಂಡು ಹೋದ್ರು.”

“ಬಿಳಿಯರ ದನಿ ಕೇಳಿದ್ರೆ ಸೈರನ್‌ಗೂ ಮರ್ಯಾದೆ ಬರುತ್ತೆ ಕಣೇ. ಹೆದರ್ ಕೈಲೇ ಫೋನ್ ಮಾಡಿಸು ಅಂತ ಹೇಳಿರಲಿಲ್ವಾ? ನಮ್ಮ ಬೀದಿಯವರೆಲ್ಲ ಹಾಗೇ ಮಾಡೋದು.”

“ಅವಳು ಮನೇಲಿರಲಿಲ್ಲ. ಈಗ ತಮ್ಮ, ಪೊಲೀಸರನ್ನ ಯಾಕೆ ಕರೆಸಿದೆ ಅಂತ ಕೇಳ್ತಾನೆ.”

“ನೀನು ಕರೆಸಿಲ್ವಲ್ಲ.”

“ಅವನು ಕಂಡಿದ್ದು ಅವರನ್ನೇ ಅಲ್ವಾ?”

“ಕೈರನ್ ಕಡೆಯವರು?” ನರ್ಸ್ ಕರೆದಳು.

ಕಿರಿಯಳು ತಮ್ಮನ ಬೂಟುಗಳನ್ನು ಹಿರಿಯಳ ಕೈಗಿಟ್ಟಳು. “ನೀವು ಮುಂದೆ ನಡೀರಿ ಆಂಟಿ. ಮೊದಲು ನಿಮ್ಮ ಮುಖ ನೋಡಲಿ.”